ಖಾಲಾ ಮದುವೆಗೆ ಬರಲಿಲ್ಲ

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ತಮ್ಮನ ಮದುವೆ ಇತ್ತು. ಕೊಪ್ಪಳದಲ್ಲೇ ನಿಕಾಹ್, ಕೊಪ್ಪಳದಲ್ಲೇ ವಲೀಮಾ. ಗಂಗಾವತಿಯಿಂದ, ಯಲಬುರ್ಗಾದಿಂದ, ದೂರದ ಸೊಲ್ಲಾಪುರದಿಂದಲೂ ನೆಂಟರು ಬಂದರು. ಕುಷ್ಟಗಿಯ ಆಚೆ ಹಳ್ಳಿಯಲ್ಲಿರುವ ಖಾಲಾ ಮಾತ್ರ ಬರಲಿಲ್ಲ. ಫೋನ್ ಮಾಡಿದರೆ ಮೊದಲು ಮೊಣಕಾಲು ನೋವು ಎಂದರು. ಎರಡನೇ ಸಲ ಶುಗರ್ ಜಾಸ್ತಿಯಾಗಿದೆ ಎಂದರು. ಮೂರನೇ ಸಲ ಮನೆಯಲ್ಲಿ ಕೋಳಿ ನೋಡಿಕೊಳ್ಳುವವರಿಲ್ಲ ಎಂದರು. ತಮ್ಮನನ್ನು ಎತ್ತಿ ಆಡಿಸಿದವರು ಅವರು. ಅಮ್ಮೀಗೆ ಬಹಳ ನೋವಾಯಿತು. "ಅವಳ ಮನಸ್ಸಿನಲ್ಲಿ ಏನೋ ಇದೆ, ಬರಲಿಕ್ಕೆ ಇಷ್ಟವಿಲ್ಲ ಅಷ್ಟೇ" ಎಂದು ಎರಡು ತಿಂಗಳು ತಂಗಿಯೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ನಾನೇ ಒಂದು ಶನಿವಾರ ಅವರ ಊರಿಗೆ ಹೋದೆ. ರಾತ್ರಿ ಅವರ ಪಕ್ಕದಲ್ಲೇ ಮಲಗಿದೆ. ಹತ್ತೂವರೆಗೆ ಒಮ್ಮೆ ಎದ್ದರು. ಹನ್ನೆರಡಕ್ಕೆ ಎದ್ದರು. ನಂತರ ನನಗೂ ನಿದ್ದೆ ಬರಲಿಲ್ಲ, ಎಣಿಸುತ್ತಾ ಮಲಗಿದೆ. ಫಜ್ರ್‌ವರೆಗೆ ಐದು ಸಲ ಬಾಗಿಲಿನ ಚಿಲಕ ಸಪ್ಪಳವಾಯಿತು, ಹಿತ್ತಲಿನ ದೀಪ ಹತ್ತಿತು, ಬದ್ನಾದಲ್ಲಿ ನೀರು ತುಂಬುವ ಸದ್ದು ಬಂತು. ಒಂದು ಸಲ ಬಾಗಿಲು ತೆಗೆಯುವ ಮೊದಲೇ ನಿಂತು, ಗೋಡೆ ಹಿಡಿದುಕೊಂಡು, ಏನೋ ಗೊಣಗಿ, ಟ್ರಂಕಿನಿಂದ ಬೇರೆ ಬಟ್ಟೆ ತೆಗೆದುಕೊಂಡರು.

ಬೆಳಿಗ್ಗೆ ಚಾ ಕುಡಿಯುವಾಗ ಕೇಳಿದೆ. ಮೊದಲು ನಕ್ಕು ತಪ್ಪಿಸಿಕೊಂಡರು. ಮತ್ತೆ ಕೇಳಿದಾಗ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಬಸ್ಸಿನ್ಯಾಗ ಎರಡು ತಾಸು ಹ್ಯಾಂಗ ಕೂಡಲಿ ಬೇಟಾ? ನಡುವ ಅವಸರ ಆದ್ರ ಡ್ರೈವರ್‌ಗೆ ಏನಂತ ಹೇಳ್ಲಿ? ಬೀಗರ ಮುಂದ ಸೀರಿ ಒದ್ದಿ ಆದ್ರ ನಿಮ್ಮ ಮರ್ಯಾದಿ ಏನು?" ಇದು ನಾಲ್ಕು ವರ್ಷದಿಂದ ನಡೆಯುತ್ತಿದೆ. ಮಗನಿಗೆ ಗೊತ್ತಿಲ್ಲ, ಸೊಸೆಗೆ ಅರ್ಧ ಗೊತ್ತು. ಡಾಕ್ಟರಿಗೆ ತೋರಿಸಿಲ್ಲ. "ವಯಸ್ಸಾತಲ್ಲ, ಇನ್ನೇನು" ಎಂಬುದೇ ಅವರ ರೋಗನಿರ್ಣಯ. ಅವರಿಗೆ ಆಗ 58.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು. ಮೂತ್ರಪಿಂಡ, ಮೂತ್ರನಾಳ, ಮೂತ್ರಕೋಶದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬಿಡಿಸಿದ್ದೇನೋ ಲೆಕ್ಕವಿಲ್ಲ. ಸ್ವಂತ ಖಾಲಾ ಏಕೆ ಮದುವೆಗೆ ಬರಲಿಲ್ಲ ಎಂಬುದು ಮಾತ್ರ ತಿಳಿಯಲಿಲ್ಲ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೂತ್ರಕೋಶ ಎಂದರೆ ಸ್ನಾಯುವಿನ ಒಂದು ಚೀಲ. ದೊಡ್ಡವರಲ್ಲಿ ಅದು ಸುಮಾರು 400ರಿಂದ 500 ಮಿಲಿ ಲೀಟರ್ ಹಿಡಿಯುತ್ತದೆ. ಅರ್ಧ ತುಂಬುವ ಹೊತ್ತಿಗೆ ಮಿದುಳಿಗೆ ಮೊದಲ ಸುದ್ದಿ ಹೋಗುತ್ತದೆ. ಮಿದುಳು "ಈಗ ಬೇಡ, ಸ್ವಲ್ಪ ತಡೆ" ಎನ್ನುತ್ತದೆ, ಚೀಲ ಸಡಿಲವಾಗಿಯೇ ಇದ್ದು ಇನ್ನಷ್ಟು ತುಂಬಿಕೊಳ್ಳುತ್ತದೆ. ನಾವು ಹೋಗಿ ಕುಳಿತಾಗ ಮಾತ್ರ ಸ್ನಾಯು ಬಿಗಿದು ಮೂತ್ರವನ್ನು ಹೊರಹಾಕುತ್ತದೆ. ಕೆಲವರಲ್ಲಿ ಈ ಮಾತುಕತೆ ಕೆಡುತ್ತದೆ. ಚೀಲ ತುಂಬುವ ಮೊದಲೇ ಸ್ನಾಯು ತಾನಾಗಿ ಬಿಗಿಯುತ್ತದೆ. ಆಗ ಬರುವ ಅವಸರ ಸಾಮಾನ್ಯ ಅವಸರವಲ್ಲ. ಕೈಯಲ್ಲಿನ ಕೆಲಸ ಬಿಟ್ಟು ಓಡಬೇಕು, ಎರಡು ನಿಮಿಷ ತಡವಾದರೆ ಸೋರುತ್ತದೆ. ಹೋಗಿ ಕುಳಿತರೆ ಬರುವುದು ಅರ್ಧ ಲೋಟವೂ ಇಲ್ಲ. ಇದನ್ನು ವೈದ್ಯರು ಓವರ್‌ಆ್ಯಕ್ಟಿವ್ ಬ್ಲ್ಯಾಡರ್ ಎನ್ನುತ್ತಾರೆ, ಕನ್ನಡದಲ್ಲಿ ಅತಿಚುರುಕಿನ ಮೂತ್ರಕೋಶ ಎನ್ನಬಹುದು. ತಡೆಯಲಾಗದ ಅವಸರ ಇದರ ಮುಖ್ಯ ಗುರುತು. ಅದರ ಜೊತೆಗೆ ಹಗಲಿನಲ್ಲಿ ಎಂಟಕ್ಕಿಂತ ಹೆಚ್ಚು ಸಲ ಹೋಗುವುದು, ರಾತ್ರಿ ಮತ್ತೆ ಮತ್ತೆ ಏಳುವುದು, ಕೆಲವರಲ್ಲಿ ಸೋರುವುದು ಇರುತ್ತದೆ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮಾತ್ರ ಹನಿ ಜಾರುವುದು ಬೇರೆ ತೊಂದರೆ, ಅದರ ಚಿಕಿತ್ಸೆಯೂ ಬೇರೆ. ಹೆರಿಗೆಯಾದ ಹೆಂಗಸರಲ್ಲಿ ಎರಡೂ ಒಟ್ಟಿಗೆ ಇರುವುದುಂಟು.

ಇದು ಅಪರೂಪದ ಕಾಯಿಲೆಯಲ್ಲ. ಕೆನಡಾ, ಜರ್ಮನಿ, ಇಟಲಿ, ಸ್ವೀಡನ್, ಬ್ರಿಟನ್ ಈ ಐದು ದೇಶಗಳಲ್ಲಿ 18 ವರ್ಷ ದಾಟಿದವರ ನಡುವೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ ಶೇ. 11.8 ಜನರಿಗೆ ಇದರ ಲಕ್ಷಣಗಳಿದ್ದವು. ಹೆಂಗಸರಲ್ಲಿ ಶೇ. 12.8, ಗಂಡಸರಲ್ಲಿ ಶೇ. 10.8. ಅಂದರೆ ಇದು ಹೆಂಗಸರ ಕಾಯಿಲೆ ಎಂಬ ಮಾತು ಸುಳ್ಳು. ಅದು ನಮ್ಮ ಜಿಲ್ಲೆಯ ಲೆಕ್ಕವಲ್ಲ, ನಿಜ. ಆದರೆ ಅದರ ಅರ್ಧ ಹಿಡಿದರೂ ನಮ್ಮ ಒಂದೊಂದು ಮೊಹಲ್ಲಾದಲ್ಲಿ ಎಷ್ಟು ಮಂದಿ ಇರಬಹುದು ಎಂದು ಯೋಚಿಸಿ. ಅವರೆಲ್ಲ ಎಲ್ಲಿದ್ದಾರೆ? ಮನೆಯಲ್ಲಿದ್ದಾರೆ. ಅದೇ ಈ ಕಾಯಿಲೆಯ ಸ್ವಭಾವ.

ಇದರಿಂದ ಯಾರೂ ಸಾಯುವುದಿಲ್ಲ. ಆದ್ದರಿಂದಲೇ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಬದುಕು ಸ್ವಲ್ಪ ಸ್ವಲ್ಪವಾಗಿ ಕಿರಿದಾಗುತ್ತದೆ. ಖಾಲಾ ಮೊದಲು ಬಿಟ್ಟದ್ದು ಕೊಪ್ಪಳದ ಪ್ರಯಾಣ. ನಂತರ ಕುಷ್ಟಗಿಯ ಸಂತೆ. ನಂತರ ಪಕ್ಕದೂರಿನ ಮಗಳ ಮನೆ. ನಂತರ ಮೊಹಲ್ಲಾದ ಹೆಂಗಸರ ಇಜ್ತೆಮಾ, ಏಕೆಂದರೆ ನಡುವೆ ಎದ್ದುಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ. ಕೊನೆಗೆ ಉಳಿದದ್ದು ಅಡುಗೆಮನೆ ಮತ್ತು ಹಿತ್ತಲು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ನಮ್ಮ ಕಡೆ ಎಷ್ಟೋ ಹೆಂಗಸರು ಮೊದಲ ಸಲ ತವರಿಗೆ, ದರ್ಗಾಕ್ಕೆ, ಆಸ್ಪತ್ರೆಗೆ ಯಾರ ಕೈಯನ್ನೂ ಕಾಯದೆ ಹೋದರು. ಖಾಲಾ ಆ ಬಸ್ಸನ್ನು ಒಮ್ಮೆಯೂ ಹತ್ತಲಿಲ್ಲ. ಟಿಕೆಟ್ ಉಚಿತವಾದರೆ ಸಾಲದು, ಅವರಿಗೆ ಬೇಕಾದದ್ದು ನಡುವೆ ಒಂದು ಬಾಗಿಲು. ಕುಷ್ಟಗಿಗೆ ಈಗ ರೈಲು ಬಂದಿದೆ, ರೈಲಿನಲ್ಲಿ ಶೌಚಾಲಯವಿದೆ. ರೈಲು ಬಂದಾಗ ಎಲ್ಲರೂ ವ್ಯಾಪಾರದ ಮಾತಾಡಿದರು. ನನಗೆ ಮಾತ್ರ ಖಾಲಾ ನೆನಪಾದರು.

ಈ ಕಾಯಿಲೆಯ ತೀವ್ರತೆ ಅಳೆಯಲು ವೈದ್ಯರು ಬಳಸುವ 33 ಪ್ರಶ್ನೆಗಳ ಒಂದು ಪಟ್ಟಿ ಇದೆ. ಅದರಲ್ಲಿ ಲಕ್ಷಣಗಳ ಬಗ್ಗೆ ಇರುವುದು 8 ಪ್ರಶ್ನೆ ಮಾತ್ರ. ಉಳಿದ 25 ಬದುಕಿನ ಬಗ್ಗೆ: ಹೊಸ ಜಾಗಕ್ಕೆ ಹೋದಾಗ ಮೊದಲು ಶೌಚಾಲಯ ಹುಡುಕುತ್ತೀರಾ, ನಿದ್ದೆ ಕೆಡುತ್ತದೆಯೇ, ಜನರ ನಡುವೆ ಮುಜುಗರವಾಗುತ್ತದೆಯೇ, ಹೀಗೆ. ಎಷ್ಟು ಹನಿ ಸೋರಿತು ಎಂಬುದಕ್ಕಿಂತ ಏನೇನು ಬಿಟ್ಟಿರಿ ಎಂಬುದೇ ಮುಖ್ಯ ಎಂದು ವೈದ್ಯಶಾಸ್ತ್ರ ಒಪ್ಪಿಕೊಂಡಿದೆ. ನಾವು ಮನೆಯವರು ಇನ್ನೂ ಒಪ್ಪಿಲ್ಲ.

ನಿದ್ದೆಯ ವಿಷಯವನ್ನು ಸುಮ್ಮನೆ ದಾಟಿಹೋಗುವಂತಿಲ್ಲ. ರಾತ್ರಿ ಐದು ಸಲ ಎದ್ದವರಿಗೆ ಹಗಲು ಹೇಗಿರುತ್ತದೆ? ಸಿಟ್ಟು, ತೂಕಡಿಕೆ, ಮರೆವು. "ಅತ್ತೆ ಈಗೀಗ ಸಿಡುಕುತ್ತಾರೆ" ಎಂದು ಸೊಸೆ ಹೇಳಿದರೆ, ಅತ್ತೆ ರಾತ್ರಿ ಎಷ್ಟು ತಾಸು ನಿದ್ದೆ ಮಾಡಿದರು ಎಂದು ಮೊದಲು ಕೇಳಬೇಕು. ಇನ್ನು ಬೀಳುವ ಭಯ. ಅಮೆರಿಕದ ವಯಸ್ಸಾದ ಹೆಂಗಸರ ನಡುವೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೊಮ್ಮೆಯಾದರೂ ಹೀಗೆ ಅವಸರದಲ್ಲಿ ಸೋರುತ್ತಿದ್ದವರು ಬೀಳುವ ಸಂಭವ ಶೇ. 26ರಷ್ಟು, ಮೂಳೆ ಮುರಿದುಕೊಳ್ಳುವ ಸಂಭವ ಶೇ. 34ರಷ್ಟು ಹೆಚ್ಚಿತ್ತು. ಅಲ್ಲಿ ಮಲಗುವ ಕೋಣೆಯ ಪಕ್ಕದಲ್ಲೇ ಬಚ್ಚಲು ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಸಂಡಾಸ ಹಿತ್ತಲಿನ ಮೂಲೆಯಲ್ಲಿ, ನಡುವೆ ಎರಡು ಹೊಸ್ತಿಲು, ಒದ್ದೆ ಕಲ್ಲು, ಕಟ್ಟಿದ ಮೇಕೆ. ಯಲಬುರ್ಗಾ, ಕುಷ್ಟಗಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹಳೆಯ ಸುದ್ದಿ. ವರ್ಷಗಟ್ಟಲೆ ಆ ನೀರು ಕುಡಿದು ಕೀಲು ಬಿಗಿದವರು ಎಷ್ಟೋ ಮಂದಿ. ಮೊಣಕಾಲು ಬಗ್ಗದವರಿಗೆ ಅವಸರ ಬಂದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಇನ್ನು ನಮಾಜ್. ನಮ್ಮ ಮನೆಗಳಲ್ಲಿ ಈ ಕಾಯಿಲೆ ಹೆಚ್ಚು ಚುಚ್ಚುವುದು ಇಲ್ಲಿಯೇ. ಗಂಗಾವತಿಯಲ್ಲಿ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ, ನಮಗೆ ದೂರದ ಸಂಬಂಧಿಯಾದ ಒಬ್ಬ ಚಾಚಾ ಇದ್ದಾರೆ. ಮೂವತ್ತು ವರ್ಷ ಮೊದಲ ಸಫ್‌ನಲ್ಲಿ ನಿಂತವರು. ಈಗ ಬಾಗಿಲ ಪಕ್ಕದ ಕೊನೆಯ ಸಫ್‌ನಲ್ಲಿ ನಿಲ್ಲುತ್ತಾರೆ, ಜುಮಾ ಖುತ್ಬಾ ಉದ್ದವಾದರೆ ಹಣೆಯಲ್ಲಿ ಬೆವರು. ಜನ ಅವರಿಗೆ ದೀನ್‌ನಲ್ಲಿ ಆಸಕ್ತಿ ಕಡಿಮೆಯಾಯಿತು ಎಂದುಕೊಂಡರು. ಖಾಲಾ ಒಂದು ನಮಾಜಿಗೆ ಮೂರು ಸಲ ವುಜೂ ಮಾಡುತ್ತಿದ್ದರು. ಹನಿ ಬಿದ್ದಿತೋ ಇಲ್ಲವೋ ಎಂಬ ವಸ್ವಸಾದಲ್ಲಿ ಸೀರೆ ಬದಲಿಸಿ, ಮತ್ತೆ ತೊಳೆದು, ಚಳಿಗಾಲದಲ್ಲಿ ತಣ್ಣೀರಿನಲ್ಲಿ ನಡುಗುತ್ತಿದ್ದರು. "ನನ್ನ ನಮಾಜ್ ಕಬೂಲ್ ಆಗ್ತದೋ ಇಲ್ಲೋ" ಎಂದು ಅವರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಮೊಹಲ್ಲಾದ ಮೌಲಾನಾರ ಬಳಿ ಅವರ ಪತ್ನಿಯ ಮೂಲಕ ಕೇಳಿಸಿದೆ. ಅವರು ಕೊಟ್ಟ ಉತ್ತರ ಸರಳವಾಗಿತ್ತು. ಅವಸರ ಬಂದ ಮಾತ್ರಕ್ಕೆ ವುಜೂ ಮುರಿಯುವುದಿಲ್ಲ, ಹನಿ ಹೊರಬಂದರೆ ಮುರಿಯುತ್ತದೆ. ಬರೀ ಸಂಶಯದಿಂದ ಮುರಿಯುವುದಿಲ್ಲ. ಬಿಗಿಹಿಡಿದು ಒದ್ದಾಡುತ್ತಾ ನಮಾಜಿಗೆ ನಿಲ್ಲುವುದು ಮಕ್ರೂಹ್, ಹೋಗಿ ಬಂದು ನಿರಾಳವಾಗಿ ನಿಲ್ಲಬೇಕು. ಒಂದು ನಮಾಜಿನ ಇಡೀ ವೇಳೆಯಲ್ಲಿ ವುಜೂ ಮಾಡಿ ಫರ್ಜ್ ಮುಗಿಸುವಷ್ಟೂ ಬಿಡುವು ಸಿಗದಂತೆ ಸೋರುತ್ತಿದ್ದರೆ ಅವರನ್ನು ಮಾಜೂರ್ ಎನ್ನುತ್ತಾರೆ. ಅವರು ಪ್ರತಿ ನಮಾಜಿನ ವೇಳೆಗೆ ಒಂದು ವುಜೂ ಮಾಡಿದರೆ ಸಾಕು, ನಡುವೆ ಸೋರಿದರೂ ನಮಾಜ್ ಆಗುತ್ತದೆ. ನೂರಾರು ವರ್ಷಗಳಿಂದ ಫಿಕ್ಹ್ ಗ್ರಂಥಗಳಲ್ಲಿ ಸ್ಪಷ್ಟವಾಗಿರುವ ವಿಷಯ ಇದು. ಆದರೆ ಜುಮಾ ಬಯಾನ್‌ನಲ್ಲಿ ಇದನ್ನು ನಾನು ಕೇಳಿದವರ ಪೈಕಿ ಯಾರೂ ಕೇಳಿಲ್ಲ. ವರ್ಷಕ್ಕೊಮ್ಮೆಯಾದರೂ ಹೇಳಿದರೆ ಎಷ್ಟು ಜನರ ಎದೆಯ ಭಾರ ಇಳಿಯುತ್ತದೆ. ತಮ್ಮ ಸ್ಥಿತಿಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಆಲಿಮರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಮನೆಯವರು ಕೊಡುವ ಮೊದಲ ಸಲಹೆ ಯಾವುದು? "ನೀರು ಕಡಿಮೆ ಕುಡಿ." ಇಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು ಎಲ್ಲರಿಗೂ ಗೊತ್ತು. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಕಡು ಹಳದಿಯಾಗುತ್ತದೆ, ಅದು ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಅವಸರ ಹೆಚ್ಚುತ್ತದೆ. ಮಲಬದ್ಧತೆ ಬರುತ್ತದೆ, ಅದೂ ಅವಸರವನ್ನು ಹೆಚ್ಚಿಸುತ್ತದೆ. ಉರಿಮೂತ್ರ, ಹರಳು ಬೇರೆ. ಖಾಲಾ ಮಧ್ಯಾಹ್ನದವರೆಗೆ ಒಂದು ಲೋಟ ನೀರು ಕುಡಿಯುತ್ತಿದ್ದರು, ಆದರೆ ಚಾ ಆರು ಕಪ್ಪು! ಚಹಾ, ಕಾಫಿಯಲ್ಲಿರುವ ಕೆಫೀನ್ ಮೂತ್ರಕೋಶವನ್ನು ಚುಚ್ಚುತ್ತದೆ. ಬಿಡಬೇಕಾದದ್ದನ್ನು ಹಿಡಿದುಕೊಂಡು, ಹಿಡಿಯಬೇಕಾದದ್ದನ್ನು ಬಿಟ್ಟಿದ್ದರು. ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗುವ ಹೆಂಗಸರೂ ಇದನ್ನೇ ಮಾಡುತ್ತಾರೆ, ಆದರೆ ಅವರ ಕಾರಣ ಬೇರೆ. ಕಣ್ಣು ಹಾಯುವಷ್ಟು ದೂರ ಗದ್ದೆ, ಮರೆಗೆ ಒಂದು ಗಿಡವಿಲ್ಲ. ನಮ್ಮ ಶಾಲೆಯ ಹುಡುಗಿಯರೂ ಮನೆಯಿಂದ ಹೊರಟಾಗಿನಿಂದ ಮರಳುವವರೆಗೆ ತಡೆದುಕೊಳ್ಳುತ್ತಾರೆ. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ನೀರಿನ ಬಾಟಲಿಯನ್ನೇ ತರದ ಹುಡುಗಿಯರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಈ ತೊಂದರೆಗೆ ಕಾರಣ ಒಂದೇ ಅಲ್ಲ. ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ. ಮುಟ್ಟು ನಿಂತ ನಂತರದ ಬದಲಾವಣೆ, ಹೆಚ್ಚಿದ ತೂಕ, ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ, ಗಂಡಸರಲ್ಲಿ ದೊಡ್ಡದಾದ ಪ್ರಾಸ್ಟೇಟ್ ಗ್ರಂಥಿ, ಇವು ದಾರಿ ಮಾಡಿಕೊಡಬಹುದು. ಮೂತ್ರದ ಸೋಂಕು, ಹರಳು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇವು ಇದೇ ಲಕ್ಷಣ ತೋರಿಸುತ್ತವೆ, ಆದರೆ ಅವುಗಳ ಚಿಕಿತ್ಸೆ ಬೇರೆ. ಬಿ.ಪಿ.ಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗುವವರು ರಾತ್ರಿಯೆಲ್ಲ ಎದ್ದು ಓಡಾಡುತ್ತಾರೆ. ಅದನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಬಹುದು. ಆದ್ದರಿಂದ ಮೊದಲ ಹೆಜ್ಜೆ ಮೂತ್ರ ಪರೀಕ್ಷೆ ಮತ್ತು ರಕ್ತದ ಸಕ್ಕರೆ ಪರೀಕ್ಷೆ. ಇವೆರಡೂ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಆಸ್ಪತ್ರೆಗಳಲ್ಲೇ ಆಗುತ್ತವೆ. ಕೊಪ್ಪಳದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಮೂತ್ರರೋಗ ತಜ್ಞರಿಗಾಗಿ ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗಬೇಕಾಗಬಹುದು. ಆದರೆ ಹೆಚ್ಚಿನವರಿಗೆ ಅಷ್ಟು ದೂರ ಹೋಗುವ ಪ್ರಮೇಯ ಬರುವುದಿಲ್ಲ. ಗಂಡು ಡಾಕ್ಟರಿಗೆ ಹೇಳಲು ನಾಚಿಕೆಯಾದರೆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಹೆಣ್ಣು ಡಾಕ್ಟರು ಯಾವ ದಿನ ಇರುತ್ತಾರೆ ಎಂದು ತಿಳಿದುಕೊಂಡು ಹೋಗಿ. ಮೂತ್ರದಲ್ಲಿ ರಕ್ತ, ಜ್ವರದೊಂದಿಗೆ ಉರಿ, ಮೂತ್ರ ಕಟ್ಟಿಹೋಗುವುದು, ಕಾಲು ಜೋಮು ಹಿಡಿದು ಬಲ ಕುಂದುವುದು ಇವುಗಳಲ್ಲಿ ಒಂದಿದ್ದರೂ ನಾಳೆ ಎನ್ನಬೇಡಿ.

ಡಾಕ್ಟರ ಬಳಿಗೆ ಹೋಗುವ ಮುಂಚೆ ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಹೋದಿರಿ, ಅಂದಾಜು ಎಷ್ಟು ಬಂತು, ಏನು ಕುಡಿದಿರಿ, ಸೋರಿತೇ. ಅಳತೆಗೆ ಹಳೆಯ ಪ್ಲಾಸ್ಟಿಕ್ ಮಗ್ ಸಾಕು. ಖಾಲಾಗೆ ಓದು ಬರಹ ಬಾರದು, ಮೊಮ್ಮಗಳು ಬರೆದುಕೊಟ್ಟಳು. ಆ ಒಂದು ಹಾಳೆ ನೋಡಿ ಕುಷ್ಟಗಿಯ ಡಾಕ್ಟರಮ್ಮ ಹತ್ತು ನಿಮಿಷದ ಪ್ರಶ್ನೆಗಳನ್ನು ಎರಡು ನಿಮಿಷದಲ್ಲಿ ಮುಗಿಸಿದರು.

ಚಿಕಿತ್ಸೆ ಮಾತ್ರೆಯಿಂದ ಶುರುವಾಗುವುದಿಲ್ಲ, ಇದನ್ನು ಕೇಳಿ ಖಾಲಾಗೆ ನಿರಾಶೆಯೇ ಆಯಿತು. ಮೊದಲು ಮೂತ್ರಕೋಶಕ್ಕೆ ಮತ್ತೆ ಕಲಿಸಬೇಕು. ತಾಸಿಗೊಮ್ಮೆ ಓಡುವವರು ಮೊದಲ ವಾರ ಒಂದು ತಾಸು ಹದಿನೈದು ನಿಮಿಷಕ್ಕೆ, ಮುಂದಿನ ವಾರ ಒಂದೂವರೆ ತಾಸಿಗೆ, ಹೀಗೆ ನಿಧಾನವಾಗಿ ಎರಡೂವರೆ, ಮೂರು ತಾಸಿನವರೆಗೆ ಒಯ್ಯಬೇಕು. ನಡುವೆ ಅವಸರ ಬಂದರೆ ಓಡಬಾರದು. ಓಡಿದರೆ ಸೋರುತ್ತದೆ. ನಿಂತಲ್ಲೇ ನಿಲ್ಲಬೇಕು, ಸಾಧ್ಯವಾದರೆ ಕೂಡಬೇಕು, ಮೂತ್ರ ತಡೆಯುವ ಕೆಳಗಿನ ಸ್ನಾಯುವನ್ನು ಐದಾರು ಸಲ ಬೇಗಬೇಗ ಬಿಗಿಹಿಡಿದು ಬಿಡಬೇಕು. ಅವಸರ ಅಲೆಯಂತೆ ಏರಿ ಇಳಿಯುತ್ತದೆ. ಇಳಿದ ಮೇಲೆ ನಡೆದುಕೊಂಡು ಹೋಗಬೇಕು. ಅದೇ ಸ್ನಾಯುವಿಗೆ ದಿನವೂ ವ್ಯಾಯಾಮ ಬೇಕು: ಐದರಿಂದ ಹತ್ತು ಸೆಕೆಂಡು ಬಿಗಿಹಿಡಿದು ಅಷ್ಟೇ ಹೊತ್ತು ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. 1948ರಲ್ಲಿ ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯರು ಹೆರಿಗೆಯಾದ ಹೆಂಗಸರಿಗಾಗಿ ಹೇಳಿಕೊಟ್ಟದ್ದು ಇದು, ಈಗ ಗಂಡಸರಿಗೂ ಹೇಳುತ್ತಾರೆ. ಖರ್ಚು ಒಂದು ಪೈಸೆಯೂ ಇಲ್ಲ, ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು, ಎರಡನೇ ವಾರವೇ ಬಿಡುವವರು ಬಹಳ. ಖಾಲಾ ಪ್ರತಿ ನಮಾಜಿನ ನಂತರ ತಸ್ಬೀಹ್ ಹಿಡಿದು ಕೂತಾಗ ಇದನ್ನೂ ಸೇರಿಸಿಕೊಂಡರು, ಆದ್ದರಿಂದ ತಪ್ಪಲಿಲ್ಲ.

ತೂಕ ಹೆಚ್ಚಿರುವವರಿಗೆ ಒಂದು ಮಾತು. ಅಮೆರಿಕದಲ್ಲಿ 338 ಸ್ಥೂಲಕಾಯದ ಹೆಂಗಸರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೇಹದ ತೂಕದ ಶೇ. 8ರಷ್ಟು ಇಳಿಸಿದ ಗುಂಪಿನಲ್ಲಿ ವಾರಕ್ಕೆ ಸೋರುವ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. 75 ಕಿಲೋ ಇದ್ದವರಿಗೆ ಅದು ಆರು ಕಿಲೋ. ನಮ್ಮ ದಾವತ್‌ಗಳ ಬಗ್ಗೆ ಇಲ್ಲಿ ಬೇರೇನೂ ಹೇಳುವುದಿಲ್ಲ.

ಇವುಗಳಿಂದ ಸಾಲದಿದ್ದರೆ ಮಾತ್ರೆಗಳಿವೆ. ಸಾಲಿಫೆನಾಸಿನ್, ಟಾಲ್ಟೆರೊಡಿನ್ ಜಾತಿಯವು ಮೂತ್ರಕೋಶದ ಸ್ನಾಯುವನ್ನು ಶಾಂತಗೊಳಿಸುತ್ತವೆ. ಆದರೆ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ವಯಸ್ಸಾದವರಲ್ಲಿ ಮರೆವು ಹೆಚ್ಚಬಹುದು, ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಕೂಡದು. ಮಿರಾಬೆಗ್ರಾನ್ ಇನ್ನೊಂದು ಜಾತಿಯದು, ಅದಕ್ಕೆ ಬಿ.ಪಿ. ನೋಡುತ್ತಿರಬೇಕು. ಪಕ್ಕದ ಮನೆಯವರಿಗೆ ಹಿಡಿಸಿದ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತರಬೇಡಿ. ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸು ಪರೀಕ್ಷೆಯಿಲ್ಲದೆ ಇಂಥ ಮಾತ್ರೆ ನುಂಗಿದರೆ ಮೂತ್ರವೇ ಕಟ್ಟಬಹುದು. ಮಾತ್ರೆಗೂ ಬಗ್ಗದಿದ್ದರೆ ಮೂತ್ರಕೋಶಕ್ಕೆ ಬೊಟಾಕ್ಸ್ ಚುಚ್ಚುಮದ್ದು, ನರಗಳಿಗೆ ಸಣ್ಣ ವಿದ್ಯುತ್ ಪ್ರಚೋದನೆ ಮುಂತಾದವು ದೊಡ್ಡ ಊರುಗಳಲ್ಲಿವೆ.

ರಮಜಾನ್‌ನಲ್ಲಿ ಎಚ್ಚರ ಬೇಕು. ಇಫ್ತಾರ್‌ನಲ್ಲಿ ಒಂದೇ ಸಲ ಮೂರು ಲೋಟ ಶರಬತ್ತು, ಮೇಲೆ ಚಾ ಕುಡಿದು ತರಾವೀಹ್‌ಗೆ ನಿಂತರೆ ಎಂಟನೇ ರಕಅತ್ ಮುಗಿಯುವುದೇ ಕಷ್ಟ. ನೀರನ್ನು ಇಫ್ತಾರ್‌ನಿಂದ ಸಹರಿಯವರೆಗೆ ಸ್ವಲ್ಪ ಸ್ವಲ್ಪವಾಗಿ ಹಂಚಿಕೊಂಡು ಕುಡಿಯಬೇಕು, ಚಾ ಬಿಡಬೇಕು ಅಥವಾ ಒಂದು ಕಪ್ಪಿಗೆ ನಿಲ್ಲಿಸಬೇಕು. ಉಳಿದ ತಿಂಗಳುಗಳಲ್ಲಿ ಮಲಗುವ ಎರಡು ಮೂರು ತಾಸು ಮೊದಲು ಕುಡಿಯುವುದನ್ನು ಕಡಿಮೆ ಮಾಡಿದರೆ ಸಾಕು, ಹಗಲಿನಲ್ಲಿ ಅಲ್ಲ.

ಇಷ್ಟೆಲ್ಲ ರೋಗಿ ಮಾಡಬೇಕಾದದ್ದು. ನಾವು ಮಾಡಬೇಕಾದದ್ದರ ಬಗ್ಗೆ ನನಗೆ ಹೆಚ್ಚು ಸಿಟ್ಟಿದೆ. ನಾವು ಶಾದಿ ಮಹಲ್ ಕಟ್ಟುತ್ತೇವೆ. ಮುಂಬಾಗಿಲಿಗೆ ಗ್ರಾನೈಟ್, ಸ್ಟೇಜಿಗೆ ಲೈಟು. ಹೆಂಗಸರ ಕಡೆ ಐನೂರು ಮಂದಿಗೆ ಎರಡು ಶೌಚಾಲಯ, ಅದರಲ್ಲಿ ಒಂದಕ್ಕೆ ಬೀಗ. ಬೀಗದ ಕೈ ಯಾರ ಬಳಿ ಇದೆಯೋ ಅಲ್ಲಾಹನೇ ಬಲ್ಲ. ಮಸೀದಿಗೆ ಎ.ಸಿ. ಹಾಕಿಸಲು ಚಂದಾ ಎತ್ತುತ್ತೇವೆ, ಮೊಣಕಾಲು ಬಗ್ಗದ ಹಿರಿಯರಿಗೆ ಒಂದು ಕಮೋಡ್, ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು ಇಲ್ಲ. ಎರಡಕ್ಕೂ ಸೇರಿ ಒಂದು ಎ.ಸಿ.ಗಿಂತ ಕಡಿಮೆ ಖರ್ಚು. ಮೇಲಂತಸ್ತಿನಲ್ಲಿ ಹೆಂಗಸರ ಕೂಟ, ಕೆಳಗೆ ಗಂಡಸರ ವುಜೂಖಾನಾ ದಾಟಿ ಶೌಚಾಲಯ ಎಂದರೆ ಯಾವ ಹೆಂಗಸು ಇಳಿದು ಹೋಗುತ್ತಾಳೆ? ಇಂಥ ಕಟ್ಟಡಗಳ ನಕ್ಷೆಯನ್ನು ಒಪ್ಪುವ ಕಮಿಟಿಗಳಲ್ಲಿ ಹೆಂಗಸರಿಲ್ಲ, ಕಾಯಿಲೆಯವರಂತೂ ಮೊದಲೇ ಇಲ್ಲ. ಈ ಮಾತು ಹೇಳಿದ್ದಕ್ಕೆ ನಮ್ಮ ಕಡೆಯ ಒಂದು ಕಮಿಟಿಯ ಹಿರಿಯರು "ಇದೆಲ್ಲ ಬರೆಯುವ ವಿಷಯವೇ?" ಎಂದರು. ಪಾಕಿಯ ಬಗ್ಗೆ ಇಷ್ಟು ವಿವರವಾಗಿ ಕಲಿಸುವ ದೀನ್‌ನಲ್ಲಿ ಇದು ಬರೆಯುವ ವಿಷಯವಲ್ಲದಿದ್ದರೆ ಯಾವುದು?

ಮನೆಯೊಳಗೆ ಇನ್ನೂ ಸುಲಭ. ಹಿರಿಯರ ಹಾಸಿಗೆಯನ್ನು ಬಾಗಿಲ ಹತ್ತಿರಕ್ಕೆ ಹಾಕಿ. ಹಿತ್ತಲ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪವಿರಲಿ. ತೀರಾ ಆಗದವರಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ. ಒದ್ದೆಯಾದ ಬಟ್ಟೆ ನೋಡಿ ಮೂಗು ಮುರಿಯಬೇಡಿ. ಪ್ರಯಾಣದಲ್ಲಿ ಪ್ಯಾಡ್ ಹಾಕಿಕೊಳ್ಳುವುದು ಅವಮಾನವಲ್ಲ, ಔಷಧ ಅಂಗಡಿಯಲ್ಲಿ ದೊಡ್ಡವರ ಪ್ಯಾಡ್ ಸಿಗುತ್ತದೆ. ಅದನ್ನು ತರುವ ಕೆಲಸ ಮಗ ಮಾಡಲಿ. ಮುಖ್ಯವಾಗಿ, ಯಾರಾದರೂ ಮೂರು ಬೇರೆ ಬೇರೆ ಕಾರಣ ಹೇಳಿ ಮದುವೆಗೆ ಬರಲು ಒಲ್ಲೆ ಎಂದರೆ, ಸಿಟ್ಟಾಗುವ ಮೊದಲು ಒಬ್ಬರೇ ಸಿಕ್ಕಾಗ ಮೆಲ್ಲಗೆ ಕೇಳಿ.

ಖಾಲಾಗೆ ಸಕ್ಕರೆ ಹತೋಟಿಯಲ್ಲಿರಲಿಲ್ಲ, ಸ್ವಲ್ಪ ಸೋಂಕೂ ಇತ್ತು. ಅವೆರಡಕ್ಕೂ ಔಷಧ ಕೊಟ್ಟ ಮೇಲೂ ಅವಸರ ಉಳಿದಾಗ ವ್ಯಾಯಾಮ ಹೇಳಿದರು, ಮೂರು ತಿಂಗಳ ನಂತರ ಒಂದು ಮಾತ್ರೆ ಸೇರಿಸಿದರು. ಪೂರ್ತಿ ಗುಣವಾಗಿಲ್ಲ. ರಾತ್ರಿ ಈಗಲೂ ಎರಡು ಸಲ ಏಳುತ್ತಾರೆ. ಚಾ ಎರಡು ಕಪ್ಪಿಗೆ ಇಳಿದಿದೆ, ಮೂರನೆಯದನ್ನು ಯಾರಿಗೂ ಕಾಣದಂತೆ ಕುಡಿಯುತ್ತಾರೆಂದು ಮೊಮ್ಮಗಳು ದೂರುತ್ತಾಳೆ. ಹೋದ ತಿಂಗಳು ತಮ್ಮನಿಗೆ ಮಗಳು ಹುಟ್ಟಿದಳು. ಅಕೀಕಾದ ಹಿಂದಿನ ದಿನ ಖಾಲಾ ಕೊಪ್ಪಳಕ್ಕೆ ಬಂದರು, ಚೀಲದಲ್ಲಿ ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಂಡು. ಅಮ್ಮೀ ಬಾಗಿಲಲ್ಲೇ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಮೊದಲು ಬಚ್ಚಲು ಎಲ್ಲಿದೆ ಎಂದು ತೋರಿಸಿದರು.